ಓಪನ್‌ಎಸ್‌ಎಸ್‌ಎಲ್: ಕಟ್ಟಡವಿಲ್ಲದ ಸಂಸ್ಥೆಯ ಕಾಲು ಶತಮಾನ

ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳಿಗೆ ಈ ಪ್ರಶ್ನಾವಳಿ ಬಾಯಿಪಾಠ. ಹೊಸ ಸರ್ಟಿಫಿಕೇಟಿಗೆ ಅರ್ಜಿ ತಯಾರಿಸಲು ಕಪ್ಪು ತೆರೆಯ ಮೇಲೆ ಓಪನ್‌ಎಸ್‌ಎಸ್‌ಎಲ್ ಎಂದು ಟೈಪಿಸಿ ಆಜ್ಞೆ ಕೊಟ್ಟರೆ ಅದು ಒಂದೊಂದಾಗಿ ವಿವರ ಕೇಳುತ್ತದೆ. ದೇಶ ಯಾವುದು? ಪಕ್ಕದ ಚೌಕ ಕಂಸದಲ್ಲಿ ಉತ್ತರವನ್ನೂ ಅದೇ ಬರೆದಿಟ್ಟಿರುತ್ತದೆ: ಎಯು, ಎಂದರೆ ಆಸ್ಟ್ರೇಲಿಯಾ. ರಾಜ್ಯ? 'ಸಮ್-ಸ್ಟೇಟ್'. ಸಂಸ್ಥೆ? 'ಇಂಟರ್ನೆಟ್ ವಿಜಿಟ್ಸ್ ಪಿಟಿವೈ ಲಿಮಿಟೆಡ್'. ತಾಳ್ಮೆ ಇದ್ದವರು ಎಯು ಇದ್ದಲ್ಲಿ ಐಎನ್ ಎಂದೂ ರಾಜ್ಯದ ಜಾಗದಲ್ಲಿ ಕರ್ನಾಟಕ ಎಂದೂ ತುಂಬುತ್ತಾರೆ. ಅವಸರದವರು ಎಂಟರ್ ಒತ್ತುತ್ತಾ ಹೋಗುತ್ತಾರೆ. ಹಾಗಾಗಿ ಪರೀಕ್ಷೆಗೆಂದು ಮಾಡಿಕೊಂಡ ಲೆಕ್ಕವಿಲ್ಲದಷ್ಟು ಸರ್ಟಿಫಿಕೇಟುಗಳು, ಬೆಂಗಳೂರಿನಲ್ಲೇ ಹುಟ್ಟಿದ್ದರೂ, ಆಸ್ಟ್ರೇಲಿಯಾದ ಒಂದು ಕಾಲ್ಪನಿಕ ಕಂಪನಿಯ ಹೆಸರು ಹೊತ್ತು ಓಡಾಡುತ್ತಿರುತ್ತವೆ.

ಆ ಎಯು ಈ ತಂತ್ರಾಂಶದ ಹುಟ್ಟೂರಿನ ಗುರುತು. ಓಪನ್‌ಎಸ್‌ಎಸ್‌ಎಲ್ ಎಂಬುದು ತಂತ್ರಾಂಶ ಬರೆಯುವವರಿಗಾಗಿ ಇರುವ ಗೂಢಲಿಪಿಯ ಲೈಬ್ರರಿ. ಸಂದೇಶವನ್ನು ಬೇರೆಯವರು ಓದದಂತೆ ಮರೆಮಾಡುವುದು, ಅದು ದಾರಿಯಲ್ಲಿ ತಿದ್ದಲ್ಪಟ್ಟಿಲ್ಲವೆಂದು ಖಾತರಿಪಡಿಸಿಕೊಳ್ಳುವುದು, ಆ ಕಡೆ ಇರುವವರು ನಿಜವಾಗಿಯೂ ಅವರೇ ಹೌದೋ ಎಂದು ನೋಡುವುದು, ಇವುಗಳ ಹಿಂದಿರುವ ಗಣಿತವನ್ನು ಪ್ರತಿಯೊಬ್ಬ ಪ್ರೋಗ್ರಾಮರೂ ಹೊಸದಾಗಿ ಬರೆಯುತ್ತ ಕೂರಬೇಕಿಲ್ಲ. ಈ ಲೈಬ್ರರಿಯನ್ನು ಜೋಡಿಸಿಕೊಂಡರೆ ಆಯಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಹಣ ಕೊಡಬೇಕಿಲ್ಲ.

ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆಯುವವರಿಗೆ ಸಾಮಾನ್ಯವಾಗಿ ಶಂಕುಸ್ಥಾಪನೆಯ ಫೋಟೋ, ಮೊದಲ ಅಧ್ಯಕ್ಷರ ಭಾವಚಿತ್ರ, ದಾನಿಗಳ ಪಟ್ಟಿ ಕೈಗೆ ಸಿಗುತ್ತವೆ. ಇಲ್ಲಿ ಅದಾವುದೂ ಇಲ್ಲ. ಮೊದಲ ಹತ್ತು ವರ್ಷ ಇದಕ್ಕೆ ನೋಂದಾಯಿತ ಸಂಸ್ಥೆಯೇ ಇರಲಿಲ್ಲ. ಕೋಡ್ ಮೊದಲು ಬಂತು, ಬಳಸುವವರು ಆಮೇಲೆ ಬಂದರು, ಹಣ ಅದಕ್ಕೂ ಆಮೇಲೆ; ನಿಜವಾದ ಅರ್ಥದ ಸಂಸ್ಥೆಯೆಂಬುದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದು ದೊಡ್ಡ ಅವಘಡದ ನಂತರ. ಗಟ್ಟಿಯಾದ ಸಂಸ್ಥೆಯೊಂದು ಮೊದಲೇ ಇದ್ದಿದ್ದರೆ, ಬಂದ ಬೇಡಿಕೆಗಳಲ್ಲಿ ಕೆಲವಕ್ಕಾದರೂ ‘ಇದು ಬೇಡ’ ಎನ್ನುವವರು ಯಾರಾದರೂ ಇರುತ್ತಿದ್ದರು ಎಂಬುದು ನನ್ನ ಎಣಿಕೆ. ಈ ಇತಿಹಾಸವನ್ನು ನಾನು ನೋಡುವುದು ಆ ಕಿಟಕಿಯಿಂದಲೇ.

1990ರ ದಶಕದ ನಡುವಿನ ಅಮೆರಿಕದಲ್ಲಿ ಗೂಢಲಿಪಿಯ ತಂತ್ರಾಂಶ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿತ್ತು. ಪರವಾನಗಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿರಲಿಲ್ಲ. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಎಸ್‌ಎಸ್‌ಎಲ್ ಎಂಬ ಸುರಕ್ಷಿತ ಸಂಪರ್ಕದ ವಿಧಾನವನ್ನು ಬ್ರೌಸರಿನಲ್ಲಿ ತಂದಾಗ, ಹೊರದೇಶದವರಿಗೆ ಕೊಟ್ಟ ಬ್ರೌಸರಿನಲ್ಲಿ ಗುಟ್ಟಿನ ಕೀಲಿಯ ಉದ್ದ ಬರೀ 40 ಬಿಟ್. ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡ ಸಂಖ್ಯೆ. ಅದೇ ವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ದಾಮಿಯೆನ್ ದೊಲಿಗೆಜ್ ಎಂಬ ಸಂಶೋಧಕರು ಸುಮಾರು 120 ಕಂಪ್ಯೂಟರುಗಳನ್ನು ಬಿಡುವಿನ ವೇಳೆಯಲ್ಲಿ ಓಡಿಸಿ, 8 ದಿನಗಳಲ್ಲಿ ಅಂಥ ಒಂದು ಕೀಲಿಯನ್ನು ಹುಡುಕಿ ತೆಗೆದರು. ಅಮೆರಿಕದ ಒಳಗಿನವರಿಗೆ ಗಟ್ಟಿ ಬೀಗ, ಉಳಿದವರಿಗೆ ಆಟದ ಬೀಗ ಎಂಬುದು ಜಗಜ್ಜಾಹೀರಾಯಿತು.

ಆ ಕಾನೂನು ಹತ್ತದ ಊರಿನಲ್ಲಿ ಕೂತು ಗೂಢಲಿಪಿಯ ಕೋಡ್ ಬರೆದವರು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಎರಿಕ್ ಯಂಗ್. ಅವರಿಗೆ ಇದು ಹೊಸತೇನೂ ಆಗಿರಲಿಲ್ಲ. ಎಂಐಟಿಯವರು ಕರ್ಬರೋಸ್ ಎಂಬ ತಮ್ಮ ಗುರುತು ಪರೀಕ್ಷೆಯ ವ್ಯವಸ್ಥೆಯನ್ನು ರಫ್ತು ನಿಯಮಕ್ಕಾಗಿ ಗೂಢಲಿಪಿಯ ಭಾಗವನ್ನೆಲ್ಲ ಕಿತ್ತು ‘ಬೋನ್ಸ್’ ಎಂಬ ಹೆಸರಿನಲ್ಲಿ ಹೊರಗೆ ಬಿಟ್ಟಿದ್ದರು. ಬರೀ ಮೂಳೆ. ಯಂಗ್ ಡಿಇಎಸ್ ಗೂಢಲಿಪಿಯನ್ನು ಸ್ವತಃ ಬರೆದು ಆ ಮೂಳೆಗಳಿಗೆ ಮತ್ತೆ ಮಾಂಸ ತುಂಬಿದ್ದರು. 1995ರಲ್ಲಿ ಎಸ್‌ಎಸ್‌ಎಲ್‌ನ ವಿವರಣೆಯನ್ನು ಓದಿಕೊಂಡು ಅದನ್ನೂ ಬರೆಯತೊಡಗಿದರು. ತಮ್ಮ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಸೇರಿಸಿ ಎಸ್‌ಎಸ್‌ಎಲ್‌ಇಎವೈ ಎಂದು ಕರೆದರು. ಗೆಳೆಯ ಟಿಮ್ ಹಡ್ಸನ್ ಇನ್ನೊಂದು ತುದಿಯಿಂದ ಶುರು ಮಾಡಿದರು: ಆಗ ಚಾಲ್ತಿಯಲ್ಲಿದ್ದ ಟೆಲ್‌ನೆಟ್, ಎಫ್‌ಟಿಪಿಯಂಥ ತಂತ್ರಾಂಶಗಳಿಗೆ ಈ ಲೈಬ್ರರಿಯನ್ನು ಹೊಲಿದು ಕೊಡುವುದು. ಲೈಬ್ರರಿ ಎಷ್ಟೇ ಚೆನ್ನಾಗಿದ್ದರೂ ಬಳಸಿ ತೋರಿಸುವವರಿಲ್ಲದಿದ್ದರೆ ಅದು ಮೂಲೆ ಸೇರುತ್ತದೆ. ಹಡ್ಸನ್ ಪಾಲಿನ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲವೆಂದೇ ನನಗನ್ನಿಸುತ್ತದೆ.

ಅಮೆರಿಕದಲ್ಲಿ ಮಾತ್ರ ಇನ್ನೊಂದು ತೊಡಕಿತ್ತು. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಮೇಲಿನ ಪೇಟೆಂಟ್ ಅಲ್ಲಿ 2000ದ ಸೆಪ್ಟೆಂಬರ್‌ವರೆಗೂ ಜಾರಿಯಲ್ಲಿತ್ತು. ಪುಕ್ಕಟೆ ಕೋಡ್ ಇದ್ದರೂ ಧೈರ್ಯವಾಗಿ ಬಳಸುವಂತಿರಲಿಲ್ಲ. ವಿಚಿತ್ರವೆಂದರೆ 1998ರ ಕೊನೆಗೆ ಯಂಗ್ ಮತ್ತು ಹಡ್ಸನ್ ಇಬ್ಬರೂ ಆ ಪೇಟೆಂಟಿನ ಒಡೆಯರಾದ ಆರ್‌ಎಸ್‌ಎ ಕಂಪನಿಯ ಆಸ್ಟ್ರೇಲಿಯಾ ಶಾಖೆಗೇ ಕೆಲಸಕ್ಕೆ ಸೇರಿದರು. ಎಸ್‌ಎಸ್‌ಎಲ್‌ಇಎವೈ 0.9.1ಬಿ ಎಂಬ ಆವೃತ್ತಿ ಬಿಡುಗಡೆಯಾಗದೆ ಹಾಗೇ ಉಳಿಯಿತು.

ಅದನ್ನು ಎತ್ತಿಕೊಂಡವರು ಐವರು: ಮಾರ್ಕ್ ಕಾಕ್ಸ್, ರಾಲ್ಫ್ ಎಂಗೆಲ್‌ಶಾಲ್, ಸ್ಟೀಫನ್ ಹೆನ್ಸನ್, ಬೆನ್ ಲಾರಿ, ಪಾಲ್ ಸಟನ್. ಎಲ್ಲರೂ ಯುರೋಪಿನವರು. ಇವರಲ್ಲಿ ಇಬ್ಬರ ಕಥೆ ಸ್ವಾರಸ್ಯವಾಗಿದೆ. ಅಪಾಚೆ ವೆಬ್ ಸರ್ವರಿಗೆ ಎಸ್‌ಎಸ್‌ಎಲ್ ಜೋಡಿಸಲು ಲಾರಿ ‘ಅಪಾಚೆ-ಎಸ್‌ಎಸ್‌ಎಲ್’ ಬರೆದಿದ್ದರು. ಅದನ್ನು ಆಧರಿಸಿಯೇ ಎಂಗೆಲ್‌ಶಾಲ್ 1998ರಲ್ಲಿ ‘ಮಾಡ್-ಎಸ್‌ಎಸ್‌ಎಲ್’ ಎಂಬ ಬೇರೆ ದಾರಿ ಹಿಡಿದಿದ್ದರು. ಒಂದೇ ಕೆಲಸಕ್ಕೆ ಎರಡು ತಂತ್ರಾಂಶ, ಎರಡು ಗುಂಪು. ಆದರೆ ಇಬ್ಬರ ಕಾಲ ಕೆಳಗಿನ ನೆಲವೂ ಎಸ್‌ಎಸ್‌ಎಲ್‌ಇಎವೈ ಆಗಿತ್ತು. ಆ ನೆಲ ಕುಸಿಯದಂತೆ ನೋಡಿಕೊಳ್ಳುವ ಕೆಲಸದಲ್ಲಿ ಪೈಪೋಟಿಗಾರರು ಒಂದಾದರು. 1998ರ ಡಿಸೆಂಬರ್ 23ರಂದು 0.9.1ಸಿ ಹೊರಬಂತು, ಹೆಸರು ಓಪನ್‌ಎಸ್‌ಎಸ್‌ಎಲ್. ಸ್ಥಾಪನಾ ದಿನ ಎಂದು ಆಚರಿಸುವುದಾದರೆ ಅದೇ ದಿನ.

ಕೋಡಿನಲ್ಲಿ ಎರಡು ಭಾಗ. ಗೂಢಲಿಪಿಯ ಗಣಿತವೆಲ್ಲ ಲಿಬ್‌ಕ್ರಿಪ್ಟೊದಲ್ಲಿ. ಎರಡು ಯಂತ್ರಗಳು ಪರಸ್ಪರ ಗುರುತು ಹಿಡಿದು ಮಾತು ಶುರು ಮಾಡುವ ವಿಧಾನ ಲಿಬ್‌ಎಸ್‌ಎಸ್‌ಎಲ್‌ನಲ್ಲಿ. ಇದು ಓಡದ ಯಂತ್ರವೇ ಇಲ್ಲವೆಂಬಂತೆ ಬೆಳೆಯಿತು: ಯುನಿಕ್ಸ್‌ನ ಎಲ್ಲ ಬಗೆಗಳು, ಹಳೆಯ 16 ಬಿಟ್ ವಿಂಡೋಸ್, ವಿಎಂಎಸ್. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದ ಆಂಡಿ ಪೋಲ್ಯಕೋವ್ ಒಂದೊಂದು ಬಗೆಯ ಪ್ರೊಸೆಸರಿಗೂ ಪ್ರತ್ಯೇಕ ಅಸೆಂಬ್ಲಿ ಕೋಡನ್ನು ಪರ್ಲ್ ಭಾಷೆಯ ಮೂಲಕ ಹುಟ್ಟಿಸುವ ವಿಧಾನ ಬೆಳೆಸಿದರು. ಓಪನ್‌ಎಸ್‌ಎಸ್‌ಎಲ್‌ನ ವೇಗಕ್ಕೆ ಬಹುಪಾಲು ಕಾರಣ ಅದೇ. ಯಾರೋ ಒಂದು ಸೌಲಭ್ಯ ಬರೆದು ಕಳಿಸಿದರೆ ಅದು ಒಳಗೆ ಸೇರುತ್ತಿತ್ತು. ಒಮ್ಮೆ ಸೇರಿದ್ದು ಹೊರಗೆ ಹೋಗುತ್ತಿರಲಿಲ್ಲ. ಎಲ್ಲೋ ಒಬ್ಬರು ಅದನ್ನು ಇನ್ನೂ ಬಳಸುತ್ತಿರಬಹುದಲ್ಲ! ಹಳೇ ಮನೆಯ ಅಟ್ಟದ ಹಾಗೆ: ಹತ್ತಿ ನೋಡಿದವರು ಕಡಿಮೆ, ಇಳಿಸಿದವರು ಯಾರೂ ಇಲ್ಲ.

ಪಾಠಗಳು ಬರುತ್ತಲೇ ಇದ್ದವು. 2002ರ ಜುಲೈ ಕೊನೆಗೆ ಹಳೆಯ ಎಸ್‌ಎಸ್‌ಎಲ್ 2ನೇ ಆವೃತ್ತಿಯ ಭಾಗದಲ್ಲಿ ಮೆಮೊರಿ ತುಂಬಿ ಹರಿಯುವ ದೋಷ ಬಯಲಾಯಿತು. ಪ್ಯಾಚ್ ಹಾಕದೆ ಕೂತಿದ್ದ ಲಿನಕ್ಸ್ ಸರ್ವರುಗಳನ್ನು ಸೆಪ್ಟೆಂಬರ್‌ನಲ್ಲಿ ‘ಸ್ಲ್ಯಾಪರ್’ ಎಂಬ ಹುಳು ಹೊಕ್ಕಿತು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಬ್ರಮ್ಲಿ ಮತ್ತು ಡಾನ್ ಬೋನೆ ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿದರು. ಸರ್ವರ್ ಉತ್ತರ ಕೊಡಲು ತೆಗೆದುಕೊಳ್ಳುವ ಸಮಯದಲ್ಲಿನ ಕೂದಲೆಳೆಯ ವ್ಯತ್ಯಾಸವನ್ನು ಸ್ಥಳೀಯ ಜಾಲದಿಂದಲೇ ಅಳೆದು ಓಪನ್‌ಎಸ್‌ಎಸ್‌ಎಲ್‌ನ ಗುಟ್ಟಿನ ಕೀಲಿಯನ್ನು ಕಂಡುಹಿಡಿಯಬಹುದಿತ್ತು. ಇದನ್ನು ತಡೆಯುವ ಉಪಾಯ ಲೈಬ್ರರಿಯಲ್ಲಿ ಆಗಲೇ ಇತ್ತು. ತಾನಾಗಿ ಚಾಲೂ ಇರಲಿಲ್ಲ, ಅಷ್ಟೆ. ಕೇಳಿದವರಿಗೆ ಮಾತ್ರ ರಕ್ಷಣೆ. ಕೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

2008ರ ಮೇ 13ರ ಪ್ರಕರಣ ನಡೆದದ್ದು ಓಪನ್‌ಎಸ್‌ಎಸ್‌ಎಲ್ ತಂಡದ ಹೊರಗೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಈ ಲೈಬ್ರರಿಯ ಹೊಣೆ ಹೊತ್ತವರು 2006ರಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದ್ದರು. ಮೆಮೊರಿಯ ತಪ್ಪು ಹುಡುಕುವ ಸಾಧನವೊಂದು, ಬೆಲೆ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ ಎಂದು ಎಚ್ಚರಿಸುತ್ತಿತ್ತು. ಎಚ್ಚರಿಕೆ ನಿಲ್ಲಲೆಂದು ಎರಡು ಕಡೆ ಒಂದೊಂದು ಸಾಲು ತೆಗೆದರು. ತಂಡವನ್ನು ಕೇಳಿಯೇ ತೆಗೆದರು, ಯಾರೂ ತಡೆಯಲಿಲ್ಲ. ಆ ಎರಡರಲ್ಲಿ ಒಂದು ಸಾಲು ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು ಬೆರೆಸುವ ಸಾಲೇ ಆಗಿತ್ತು. ಅದು ಹೋದ ಮೇಲೆ ಉಳಿದ ಏಕೈಕ ಬೀಜವೆಂದರೆ ಆ ಕ್ಷಣ ಓಡುತ್ತಿದ್ದ ಪ್ರೋಗ್ರಾಮಿನ ಕ್ರಮಸಂಖ್ಯೆ. ಅದು 32,768ನ್ನು ಮೀರದು. ಹೀಗೆ ಡೆಬಿಯನ್, ಅದರಿಂದ ಹುಟ್ಟಿದ ಉಬುಂಟು ಇವುಗಳಲ್ಲಿ 20 ತಿಂಗಳ ಕಾಲ ತಯಾರಾದ ಕೀಲಿಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. ಲುಸಿಯಾನೊ ಬೆಲ್ಲೊ ಪತ್ತೆಹಚ್ಚಿದ ಈ ದೋಷ ಬಯಲಾದ ದಿನದಿಂದ ಜಗತ್ತಿನಾದ್ಯಂತ ಕೀಲಿ ಬದಲಿಸುವ ಕೆಲಸ ನಡೆಯಿತು. ಆ ಸಾಲು ಯಾಕಿದೆ ಎಂದು ಪಕ್ಕದಲ್ಲಿ ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು. ಬರೆಯಲು ಪುರುಸೊತ್ತಿದ್ದವರು ಯಾರು?

ಪುರುಸೊತ್ತಿನ ಪ್ರಶ್ನೆ ಹಣದ ಪ್ರಶ್ನೆಯೇ. ಅಮೆರಿಕದ ಸರ್ಕಾರಿ ಇಲಾಖೆಗಳು ಗೂಢಲಿಪಿಯ ತಂತ್ರಾಂಶ ಕೊಳ್ಳಬೇಕಾದರೆ ಅದಕ್ಕೆ ಫಿಪ್ಸ್ 140 ಎಂಬ ಪ್ರಮಾಣಪತ್ರ ಇರಲೇಬೇಕು. ಒಂದು ಕಂಪನಿ ತನ್ನ ಪೆಟ್ಟಿಗೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪಡೆಯುವ ಪತ್ರ ಅದು. ಯಾರು ಬೇಕಾದರೂ ತಿದ್ದಬಹುದಾದ ಕೋಡಿಗೆ ಅಂಥ ಪತ್ರ ಕೊಡಿಸುವುದು ಹೇಗೆ? ಮೇರಿಲ್ಯಾಂಡಿನ ಸ್ಟೀವ್ ಮಾರ್ಕ್ವೆಸ್ ಅಮೆರಿಕದ ರಕ್ಷಣಾ ಇಲಾಖೆಯ ಕೆಲಸ ಮಾಡುತ್ತಿದ್ದಾಗ ಈ ಹರಸಾಹಸಕ್ಕೆ ಇಳಿದರು. ಪತ್ರ 2006ರಲ್ಲಿ ಸಿಕ್ಕಿತು, ಅದೇ ವರ್ಷ ಕೈತಪ್ಪಿತು, 2007ರಲ್ಲಿ ಮತ್ತೆ ಸಿಕ್ಕಿತು. ನಿಯಮಗಳ ಚಂದವನ್ನು ನೋಡಿ: ಜಾಲದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಅದೇ ಕೋಡನ್ನು, ಮುಂದೊಂದು ಹಂತದಲ್ಲಿ, ಅಂಚೆಯಲ್ಲಿ ಬಂದ ಸಿಡಿಯಿಂದ ತೆಗೆದರೆ ಮಾತ್ರ ಪ್ರಮಾಣಿತ ಎಂದಾಯಿತು. ತಂಡ ಸಿಡಿಗಳನ್ನು ಲಕೋಟೆಗೆ ಹಾಕಿ ಕಳಿಸಿತು. ಮಾರ್ಕ್ವೆಸ್ 2009ರಲ್ಲಿ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್ ಫೌಂಡೇಶನ್ ಎಂಬುದನ್ನು ಹುಟ್ಟುಹಾಕಿದ್ದೇ ಇಂಥ ಗುತ್ತಿಗೆ ಕೆಲಸದ ಹಣ ಬಂದು ಸೇರಲು ಒಂದು ಜಾಗ ಬೇಕೆಂದು. ಫೌಂಡೇಶನ್ನಿಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸಗಾರರು ಒಬ್ಬರೇ: ಇಂಗ್ಲೆಂಡಿನಲ್ಲಿದ್ದ ಹೆನ್ಸನ್, ಗಣಿತದಲ್ಲಿ ಡಾಕ್ಟರೇಟ್ ಪಡೆದವರು.

ಹಣ ಕೊಡುವವರು ಕೇಳಿದ್ದನ್ನು ಸೇರಿಸುವ ಈ ಪದ್ಧತಿಗೆ ಒಂದು ತಮಾಷೆಯ ಉದಾಹರಣೆ ಇದೆ. ಡ್ಯುಯಲ್ ಇಸಿ ಎಂಬ ಯಾದೃಚ್ಛಿಕ ಸಂಖ್ಯೆಯ ವಿಧಾನದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಹಿಂಬಾಗಿಲು ಇಟ್ಟಿದೆಯೆಂಬ ಗುಮಾನಿ ತಜ್ಞರಲ್ಲಿ 2007ರಿಂದಲೇ ಇತ್ತು. ಆದರೂ ಒಬ್ಬ ಗಿರಾಕಿ ಹಣ ಕೊಟ್ಟು ಕೇಳಿದ್ದರಿಂದ ಅದು ಫಿಪ್ಸ್ ಆವೃತ್ತಿಯೊಳಗೆ ಬಂತು. ಎಡ್ವರ್ಡ್ ಸ್ನೋಡನ್ ಬಯಲಿಗೆಳೆದ ಆ ಸಂಸ್ಥೆಯ ಗುಟ್ಟಿನ ಕಾಗದಪತ್ರಗಳು 2013ರಲ್ಲಿ ಗುಮಾನಿಯನ್ನು ಗಟ್ಟಿ ಮಾಡಿದವು. ಆ ಡಿಸೆಂಬರ್‌ನಲ್ಲಿ ಇಬ್ಬರು ಸಂಶೋಧಕರು ಓಪನ್‌ಎಸ್‌ಎಸ್‌ಎಲ್‌ನ ಡ್ಯುಯಲ್ ಇಸಿಯನ್ನು ಪರೀಕ್ಷಿಸಿದರೆ, ಅದು ಕೆಲಸವನ್ನೇ ಮಾಡುವುದಿಲ್ಲ! ಬರೆಯುವಾಗಲೇ ಒಂದು ಬಗ್ ನುಸುಳಿತ್ತು. ಪ್ರಯೋಗಾಲಯದ ಪರೀಕ್ಷೆಗಳನ್ನು ಅದು ಸಲೀಸಾಗಿ ಪಾಸಾಗಿತ್ತು. ನಿಜವಾಗಿ ಬಳಸಲು ಹೋದವರು ಮಾತ್ರ ಒಬ್ಬರೂ ಇರಲಿಲ್ಲ, ಇದ್ದಿದ್ದರೆ ಮೊದಲ ದಿನವೇ ದೂರು ಬರುತ್ತಿತ್ತು. ಸರಿಪಡಿಸಿದರೆ ಮತ್ತೆ ಪ್ರಮಾಣಪತ್ರಕ್ಕೆ ಅಲೆಯಬೇಕು. ತಂಡ ಅದನ್ನು ಹಾಗೇ ಬಿಟ್ಟಿತು. ದುಡಿಯುವವರ ಅಭಾವದಿಂದ ಲೋಕಕ್ಕೆ ಒಳ್ಳೆಯದಾದ ಅಪರೂಪದ ಸಂದರ್ಭ ಇದು.

ಎಲ್ಲ ಸಲವೂ ಹಾಗಾಗಲಿಲ್ಲ. 2011ರ ಡಿಸೆಂಬರ್ 31ರ ರಾತ್ರಿ ‘ಹಾರ್ಟ್‌ಬೀಟ್’ ಎಂಬ ಹೊಸ ಸೌಲಭ್ಯ ಕೋಡಿಗೆ ಸೇರಿತು. ಬರೆದವರು ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ, ಪರಿಶೀಲಿಸಿದವರು ಹೆನ್ಸನ್. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ನೋಡುವ ವಿಧಾನ ಅದು. ಕೇಳುವವರು ಒಂದಿಷ್ಟು ಅಕ್ಷರಗಳನ್ನೂ ಅವು ಎಷ್ಟು ಎಂಬ ಲೆಕ್ಕವನ್ನೂ ಕಳಿಸಬೇಕು. ಆ ಕಡೆಯ ಯಂತ್ರ ಅವೇ ಅಕ್ಷರಗಳನ್ನು ಹಿಂತಿರುಗಿಸಬೇಕು. ಲೆಕ್ಕ ಬರೆಯಲು ಎರಡು ಬೈಟ್ ಜಾಗ, ಎಂದರೆ 65,535ರವರೆಗೆ ಬರೆಯಬಹುದು. ಈಗ ಯಾರೋ ಒಂದೇ ಒಂದು ಅಕ್ಷರ ಕಳಿಸಿ ಲೆಕ್ಕದ ಜಾಗದಲ್ಲಿ 65,535 ಎಂದು ಬರೆದರೆ? ಬಂದ ಸಂದೇಶ ನಿಜವಾಗಿ ಎಷ್ಟು ಉದ್ದವಿದೆಯೆಂದು ಕೋಡ್ ನೋಡಲೇ ಇಲ್ಲ. ಹೇಳಿದ ಲೆಕ್ಕವನ್ನು ನಂಬಿ, ಆ ಒಂದು ಅಕ್ಷರದಿಂದ ಶುರು ಮಾಡಿ, ಅದರ ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೆಲ್ಲ ಸುಮಾರು 64 ಕಿಲೋಬೈಟ್‌ನಷ್ಟು ನಕಲು ಮಾಡಿ ಕಳಿಸಿತು. ಪಕ್ಕದಲ್ಲಿ ಇನ್ನೊಬ್ಬರ ಪಾಸ್‌ವರ್ಡ್ ಇರಬಹುದು, ಕುಕಿ ಇರಬಹುದು, ಸರ್ವರಿನ ಗುಟ್ಟಿನ ಕೀಲಿಯೇ ಇರಬಹುದು. ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಸರ್ವರಿನ ದಾಖಲೆಯಲ್ಲಿ ಗುರುತೂ ಉಳಿಯುತ್ತಿರಲಿಲ್ಲ.

ಈ ಕೋಡು 2012ರ ಮಾರ್ಚ್ 14ರಂದು 1.0.1 ಆವೃತ್ತಿಯಲ್ಲಿ ಲೋಕಕ್ಕೆ ಹೋಯಿತು, ತಾನಾಗಿ ಚಾಲೂ ಇರುವಂತೆ. ಎರಡು ವರ್ಷ ಯಾರೂ ಗಮನಿಸಲಿಲ್ಲ. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನಾಮಿಕಾನ್ ಕಂಪನಿಯ ಎಂಜಿನಿಯರುಗಳು ಒಬ್ಬರಿಗೊಬ್ಬರು ತಿಳಿಯದೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕಂಡುಹಿಡಿದರು. 2014ರ ಏಪ್ರಿಲ್ 7ರಂದು ‘ಹಾರ್ಟ್‌ಬ್ಲೀಡ್’ ಎಂಬ ಹೆಸರು, ರಕ್ತ ತೊಟ್ಟಿಕ್ಕುವ ಹೃದಯದ ಚಿತ್ರ ಸಮೇತ ಸುದ್ದಿ ಹೊರಬಿತ್ತು. ನೆಟ್‌ಕ್ರಾಫ್ಟ್ ಅಂದಾಜಿನಂತೆ ಸುರಕ್ಷಿತ ವೆಬ್ ಸರ್ವರುಗಳಲ್ಲಿ ಶೇ. 17ರಷ್ಟು, ಎಂದರೆ ಸುಮಾರು 5 ಲಕ್ಷ, ತೆರೆದ ಬಾಗಿಲಿನಂತಿದ್ದವು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳುವಾದವು. ಆ ವಿದ್ಯಾರ್ಥಿಯ ಹೆಸರನ್ನು ಪತ್ರಿಕೆಗಳು ಆಗ ಬೇಕಾದಷ್ಟು ಬರೆದವು. ಇಲ್ಲಿ ಮತ್ತೆ ಬರೆಯುವುದಿಲ್ಲ. ಉದ್ದ ನೋಡದೆ ನಕಲು ಮಾಡುವ ತಪ್ಪು ಸಿ ಭಾಷೆಯಲ್ಲಿ ಬರೆಯುವವರೆಲ್ಲ ಒಮ್ಮೆಯಾದರೂ ಮಾಡುವಂಥದು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಹಾರ್ಟ್‌ಬೀಟಿನ ಮುಖ್ಯ ಉಪಯೋಗ ಇದ್ದದ್ದು ಡಿಟಿಎಲ್‌ಎಸ್ ಎಂಬ ಕಡಿಮೆ ಬಳಕೆಯ ವಿಧಾನಕ್ಕೆ. ಸಾಮಾನ್ಯ ವೆಬ್ ಸಂಪರ್ಕಕ್ಕೆ ಅದರ ಅಗತ್ಯ ತೀರಾ ಕಡಿಮೆ. ಆದರೂ ಎಲ್ಲ ಕಡೆ ತಾನಾಗಿ ಚಾಲೂ ಇತ್ತು, ಏಕೆಂದರೆ ‘ಇದು ನಮಗೆ ಯಾಕೆ ಬೇಕು’ ಎಂದು ಕೇಳುವ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

ಮುಂದಿನ ಒಂದು ವಾರದಲ್ಲಿ ಬಂದ ದೇಣಿಗೆ ಸುಮಾರು 9,000 ಡಾಲರ್. ಕೊಟ್ಟವರಲ್ಲಿ ಬಹಳಷ್ಟು ಜನ ಐದೋ ಹತ್ತೋ ಡಾಲರ್ ಕಳಿಸಿದ ಸಾಮಾನ್ಯರು. ಈ ಕೋಡಿನ ಮೇಲೆ ಕೋಟ್ಯಂತರ ದುಡಿದ ಕಂಪನಿಗಳನ್ನೂ ಸರ್ಕಾರಗಳನ್ನೂ ಮಾರ್ಕ್ವೆಸ್ ನೇರವಾಗಿಯೇ ತರಾಟೆಗೆ ತೆಗೆದುಕೊಂಡರು. ಕನಿಷ್ಠ ಆರು ಜನ ಪೂರ್ಣಾವಧಿ ಕೆಲಸಗಾರರು ಬೇಕೆಂಬುದು ಅವರ ಲೆಕ್ಕ. ಏಪ್ರಿಲ್ ಮುಗಿಯುವುದರೊಳಗೆ ಲಿನಕ್ಸ್ ಫೌಂಡೇಶನ್ ಒಂದು ನಿಧಿ ಘೋಷಿಸಿತು. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಅಮೆಜಾನ್, ಇಂಟೆಲ್, ಐಬಿಎಂ ಮೊದಲಾದ ಕಂಪನಿಗಳು ತಲಾ ವರ್ಷಕ್ಕೆ 1 ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿದವು. ಹೆನ್ಸನ್ ಮತ್ತು ಪೋಲ್ಯಕೋವ್ ಇಬ್ಬರ ಸಂಬಳಕ್ಕೆ ಆ ನಿಧಿಯಿಂದ ದಾರಿಯಾಯಿತು.

ಎಲ್ಲರೂ ಕಾಯಲು ಸಿದ್ಧರಿರಲಿಲ್ಲ. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಂಡದ ಥಿಯೋ ಡಿ ರಾಟ್ ಮತ್ತು ಸಂಗಡಿಗರು ಕೋಡಿನ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಶುರು ಮಾಡಿದರು. ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತುಹಾಕಿದರು. ವಿಎಂಎಸ್ ಹೋಯಿತು, ಹಳೆಯ ವಿಂಡೋಸ್ ಹೋಯಿತು, ಮೆಮೊರಿ ಹಂಚಲು ಓಪನ್‌ಎಸ್‌ಎಸ್‌ಎಲ್ ಕಟ್ಟಿಕೊಂಡಿದ್ದ ಸ್ವಂತ ವ್ಯವಸ್ಥೆಯೂ ಹೋಯಿತು. ತೆಗೆಯುವಾಗ ಅವರು ಆಡಿದ ಕುಹಕದ ಮಾತುಗಳು ಬೇಡವಾಗಿತ್ತು, ಆದರೆ ತೆಗೆದದ್ದು ತಪ್ಪೆನ್ನಲಾರೆ. ಜೂನ್‌ನಲ್ಲಿ ಗೂಗಲ್‌ನ ಆಡಂ ಲ್ಯಾಂಗ್ಲಿ ತಮ್ಮ ಕಂಪನಿಯ ಬಳಕೆಗೆಂದು ಬೋರಿಂಗ್‌ಎಸ್‌ಎಸ್‌ಎಲ್ ಕವಲನ್ನು ಪ್ರಕಟಿಸಿದರು. ಹೊರಗಿನವರು ಇದನ್ನು ನೆಚ್ಚಿಕೊಳ್ಳಬೇಡಿ ಎಂದು ಆ ತಂಡ ಹೇಳಿಬಿಟ್ಟಿತು.

ಮೂಲ ತಂಡ ತನ್ನ ಮನೆಯನ್ನು ನಿಧಾನವಾಗಿ ಸರಿಪಡಿಸಿಕೊಂಡಿತು. ವರ್ಷಗಟ್ಟಲೆ ಜೊತೆಯಾಗಿ ದುಡಿದರೂ ಪರಸ್ಪರ ಮುಖ ನೋಡಿರದವರು ಅದೇ ವರ್ಷ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಒಟ್ಟಿಗೆ ಕೂತರು. ಮುಂದೇನು ಮಾಡುತ್ತೇವೆ ಎಂಬ ಪಟ್ಟಿ ಬಹಿರಂಗವಾಯಿತು. ದೋಷಗಳನ್ನು ತೀವ್ರತೆಯಂತೆ ವಿಂಗಡಿಸುವ ನೀತಿ ಬಂತು. ಯಾವ ಬದಲಾವಣೆಯೂ ಎರಡನೆಯವರ ಕಣ್ಣಿಗೆ ಬೀಳದೆ ಒಳಗೆ ಹೋಗಬಾರದೆಂದಾಯಿತು. 2015ರ ಆರಂಭದಲ್ಲಿ ಮ್ಯಾಟ್ ಕ್ಯಾಸ್‌ವೆಲ್ ಇಡೀ ಕೋಡಿನ ಸಾಲು ಜೋಡಣೆಯನ್ನೇ ಒಂದು ಕ್ರಮಕ್ಕೆ ತಂದರು. ಇದು ಬರೀ ಅಂದದ ಕೆಲಸವೆಂದು ಕಂಡೀತು. ಹೊಸಬರು ಓದಲು ಹೆದರುತ್ತಿದ್ದ ಕೋಡು ಕೊನೆಗೂ ಓದುವಂತಾದದ್ದು ಅಲ್ಲಿಂದಲೇ. ಟಿಮ್ ಹಡ್ಸನ್ ಕೂಡ ತಂಡಕ್ಕೆ ಮರಳಿದರು. 2018ರ ಜನವರಿಯಲ್ಲಿ ಜೂರಿಕ್‌ನಲ್ಲಿ ಈ ತಂಡಕ್ಕೆ ಲೆವ್‌ಚಿನ್ ಪ್ರಶಸ್ತಿ ಬಂದದ್ದು ಕೋಡಿನ ಗುಣಮಟ್ಟ ಸುಧಾರಿಸಿದ್ದಕ್ಕೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 1.1.1ರಲ್ಲಿ ಎಸ್‌ಎಸ್‌ಎಲ್‌ನ ಮುಂದುವರಿದ ರೂಪವಾದ ಟಿಎಲ್‌ಎಸ್ 1.3 ಸೇರಿತು, ಹಾರ್ಟ್‌ಬೀಟ್ ಪೂರ್ತಿಯಾಗಿ ಹೋಯಿತು.

ಅಷ್ಟರೊಳಗೆ ಅಟ್ಟದ ಸಾಮಾನು ಇನ್ನೂ ಎರಡು ಸಲ ತಲೆ ಮೇಲೆ ಬಿದ್ದಿತ್ತು. ರಫ್ತಿಗೆಂದೇ ದುರ್ಬಲಗೊಳಿಸಿದ್ದ 512 ಬಿಟ್ ಆರ್‌ಎಸ್‌ಎ ಕೀಲಿಗಳ ನಿಯಮ 2000ದಲ್ಲೇ ಸಡಿಲವಾಗಿತ್ತು; ಆದರೆ ಅವುಗಳ ಕೋಡನ್ನು ಯಾರೂ ತೆಗೆದಿರಲಿಲ್ಲ. 2015ರ ಮಾರ್ಚ್‌ನಲ್ಲಿ ಬಯಲಾದ ‘ಫ್ರೀಕ್’ ದಾಳಿ ತೋರಿಸಿದ್ದೇನೆಂದರೆ, ಓಪನ್‌ಎಸ್‌ಎಸ್‌ಎಲ್ ಬಳಸುವ ಗ್ರಾಹಕ ತಂತ್ರಾಂಶ ತಾನು ಕೇಳದಿದ್ದರೂ ಅಂಥ ಕೀಲಿಯನ್ನು ಒಪ್ಪಿಕೊಳ್ಳುತ್ತಿತ್ತು. ಬಾಡಿಗೆ ಕಂಪ್ಯೂಟರುಗಳಲ್ಲಿ ಅದನ್ನು ಒಡೆಯಲು ಕೆಲವು ಗಂಟೆ, ಸುಮಾರು 100 ಡಾಲರ್ ಸಾಕು. ಮರುವರ್ಷ ‘ಡ್ರೌನ್’ ಎಂಬ ದಾಳಿ 1995ರ ಎಸ್‌ಎಸ್‌ಎಲ್ 2ನೇ ಆವೃತ್ತಿಯ ಹೆಗಲ ಮೇಲೇ ಬಂತು. 2016ರ ಆಗಸ್ಟ್‌ನ 1.1.0ರಲ್ಲಿ ತಂಡ ಆ ಆವೃತ್ತಿಯನ್ನು ಕೊನೆಗೂ ಕಿತ್ತುಹಾಕಿತು.

ಲೈಸೆನ್ಸಿನ ಜಗಳ ಬೇರೆಯೇ ಇತ್ತು. ಯಂಗ್ ಕಾಲದ ಲೈಸೆನ್ಸಿನಲ್ಲಿ, ಜಾಹೀರಾತಿನಲ್ಲೂ ನಮ್ಮ ಹೆಸರು ಹಾಕಬೇಕೆಂಬ ಷರತ್ತಿತ್ತು. ಅದರಿಂದಾಗಿ ಜಿಪಿಎಲ್ ಎಂಬ ಲೈಸೆನ್ಸಿನ ತಂತ್ರಾಂಶಗಳ ಜೊತೆ ಇದನ್ನು ಬೆರೆಸುವುದು ಕಷ್ಟ. ಅಪಾಚೆ 2.0 ಲೈಸೆನ್ಸಿಗೆ ಹೋಗಬೇಕಾದರೆ ಬರೆದವರೆಲ್ಲರ ಒಪ್ಪಿಗೆ ಬೇಕು. 2017ರ ಮಾರ್ಚ್‌ನಲ್ಲಿ ಸುಮಾರು 400 ಜನರಿಗೆ ಪತ್ರ ಹೋಯಿತು, ಉತ್ತರ ಬರದಿದ್ದರೆ ಮೌನವೇ ಸಮ್ಮತಿ ಎಂಬ ಧಾಟಿಯಲ್ಲಿ. ಥಿಯೋ ಡಿ ರಾಟ್ ಇದನ್ನು ಗೇಲಿ ಮಾಡದೆ ಬಿಡಲಿಲ್ಲ, ಗೇಲಿಯಲ್ಲಿ ಹುರುಳೂ ಇತ್ತು. ಹೊಸ ಲೈಸೆನ್ಸ್ ಜಾರಿಗೆ ಬಂದದ್ದು 2021ರ ಸೆಪ್ಟೆಂಬರ್ 7ರ 3.0 ಆವೃತ್ತಿಯಲ್ಲಿ. ಫಿಪ್ಸ್ ಆವೃತ್ತಿಗೆ 2.0 ಎಂಬ ಸಂಖ್ಯೆ ಆಗಲೇ ಖರ್ಚಾಗಿದ್ದರಿಂದ 1.1.1 ಆದ ಮೇಲೆ ನೇರ 3ಕ್ಕೆ ಜಿಗಿತ. 17 ಆಲ್ಫಾ ಆವೃತ್ತಿ, 7,500ಕ್ಕೂ ಹೆಚ್ಚು ಬದಲಾವಣೆ, 350ಕ್ಕೂ ಹೆಚ್ಚು ಕೈಗಳು. ‘ಪ್ರೊವೈಡರ್’ ಎಂಬ ಹೊಸ ಚೌಕಟ್ಟು ಬಂದು ಒಳಗಿನ ಜೋಡಣೆ ಚೊಕ್ಕಟವಾಯಿತು. ಒಟ್ಟಿಗೆ ಸಾವಿರಾರು ಸಂಪರ್ಕ ನಿಭಾಯಿಸುವ ಸರ್ವರುಗಳಲ್ಲಿ ಮಾತ್ರ 3.0 ಹಿಂದಿನದಕ್ಕಿಂತ ನಿಧಾನ. ಆ ದೂರಿಗೆ ಮುಂದಿನ ಆವೃತ್ತಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಉತ್ತರ ಸಿಗುತ್ತಾ ಬಂದಿದೆ.

ಬೇಡ ಎನ್ನಲು ಕಲಿತವರು ಕೆಲವೊಮ್ಮೆ ತಪ್ಪಾದ ಕಡೆ ಅದನ್ನು ಬಳಸುವುದೂ ಉಂಟು. ಕ್ವಿಕ್ ಎಂಬ ಹೊಸ ಸಾಗಣೆ ವಿಧಾನಕ್ಕೆ ಬೇಕಾದ ಸಣ್ಣ ಕೊಂಡಿಯೊಂದನ್ನು ಹೊರಗಿನವರು 2019ರಲ್ಲೇ ಬರೆದು ಕೊಟ್ಟಿದ್ದರು, ಬೋರಿಂಗ್‌ಎಸ್‌ಎಸ್‌ಎಲ್‌ನಲ್ಲಿ ಇದ್ದ ಮಾದರಿಯಲ್ಲೇ. ತಂಡ ಅದನ್ನು ಒಪ್ಪಲಿಲ್ಲ. ಕ್ವಿಕ್ ಅನ್ನು ತಾವೇ ಪೂರ್ತಿಯಾಗಿ ಬರೆಯುತ್ತೇವೆ ಎಂದರು. ಅಕಮೈ ಮತ್ತು ಮೈಕ್ರೋಸಾಫ್ಟ್ ಕೂಡಿ ಕ್ವಿಕ್‌ಟಿಎಲ್‌ಎಸ್ ಎಂಬ ಮತ್ತೊಂದು ಕವಲು ನಡೆಸಬೇಕಾಯಿತು. ತಂಡದ ಸ್ವಂತ ಕ್ವಿಕ್ ಗ್ರಾಹಕರ ಕಡೆಯದು 2023ರ ನವೆಂಬರ್‌ನ 3.2ರಲ್ಲಿ, ಸರ್ವರ್ ಕಡೆಯದು 2025ರ ಏಪ್ರಿಲ್‌ನ 3.5ರಲ್ಲಿ ಬಂತು. ಮೊದಲು ನಿರಾಕರಿಸಿದ್ದಂಥ ಕೊಂಡಿಯೂ ಅದೇ 3.5ರಲ್ಲಿ ಬೇರೆ ರೂಪದಲ್ಲಿ ಒಳಗೆ ಬಂತು. ಆರು ವರ್ಷ ತಡವಾಗಿ.

2024ರಲ್ಲಿ ಆಡಳಿತ ಎರಡಾಯಿತು. ಲಾಭದ ಉದ್ದೇಶವಿಲ್ಲದ ಬಳಗಗಳ ಪರವಾಗಿ ಓಪನ್‌ಎಸ್‌ಎಸ್‌ಎಲ್ ಫೌಂಡೇಶನ್, ವ್ಯಾಪಾರದ ಕಡೆಯವರಿಗೆ ಓಪನ್‌ಎಸ್‌ಎಸ್‌ಎಲ್ ಕಾರ್ಪೊರೇಶನ್, ಎರಡೂ ಸಮಾನ. ಬಿಡಿ ವ್ಯಕ್ತಿಗಳು, ಅಧ್ಯಾಪಕರು, ಕೋಡ್ ಸೇರಿಸುವ ಅಧಿಕಾರವಿದ್ದವರು, ಲಿನಕ್ಸ್ ವಿತರಕರು, ಸಣ್ಣ ಕಂಪನಿಗಳು, ದೊಡ್ಡ ಕಂಪನಿಗಳು ಎಂದು ಬಳಗಗಳಾಗಿ ವಿಂಗಡಿಸಿ, ಸಲಹಾ ಸಮಿತಿಗಳಿಗೆ ಅವರವರಲ್ಲೇ ಚುನಾವಣೆ ನಡೆಸಿದರು. 2025ರ ಅಕ್ಟೋಬರ್‌ನಲ್ಲಿ ಪ್ರಾಗ್ ನಗರದಲ್ಲಿ ಮೊದಲ ಸಮ್ಮೇಳನವೂ ಆಯಿತು. ಇಪ್ಪತ್ತಾರು ವರ್ಷ ದಾಟಿದ ಮೇಲೆ ಮೊದಲ ಸಮ್ಮೇಳನ!

ಈಗಿನ ದೊಡ್ಡ ಕೆಲಸ ಕ್ವಾಂಟಮ್ ಕಂಪ್ಯೂಟರುಗಳು ಬರುವ ಮೊದಲೇ ಹೊಸ ಗೂಢಲಿಪಿಗೆ ದಾಟುವುದು. ಅದಕ್ಕೆ ಬೇಕಾದ ಎಂಎಲ್-ಕೆಇಎಂ, ಎಂಎಲ್-ಡಿಎಸ್‌ಎ, ಎಸ್‌ಎಲ್‌ಎಚ್-ಡಿಎಸ್‌ಎ ಮೂರೂ 3.5ರಲ್ಲಿ ಸೇರಿವೆ. ಈ ಹೊಸ ಕೀಲಿಗಳು ಭಾರ. ಈಗ ಬಳಕೆಯಲ್ಲಿರುವ ಎಕ್ಸ್25519 ವಿಧಾನದ ಸಾರ್ವಜನಿಕ ಕೀಲಿ 32 ಬೈಟ್ ಇದ್ದರೆ, ಎಂಎಲ್-ಕೆಇಎಂ-768ರದು 1,184 ಬೈಟ್. ಮೊದಲ ನಮಸ್ಕಾರದ ಸಂದೇಶವೇ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸದೆ ಎರಡಾಗುತ್ತದೆ. ಹಾಗೆ ಒಡೆದು ಬಂದ ಸಂದೇಶವನ್ನು ಕಂಡರೆ ತಬ್ಬಿಬ್ಬಾಗುವ ಹಳೆಯ ಜಾಲ ಉಪಕರಣಗಳು ಇನ್ನೂ ಬಳಕೆಯಲ್ಲಿವೆ. ಆದರೂ 3.5ರಲ್ಲಿ ತಂಡ ಹಳತು ಹೊಸತು ಎರಡನ್ನೂ ಬೆಸೆದ ಕೀಲಿಯನ್ನು ಯಾರೂ ಕೇಳದೆಯೇ ಮೊದಲ ಆಯ್ಕೆಯಾಗಿ ಇಟ್ಟಿತು, ಅದರ ಜೊತೆಗೆ ಹಳೆಯದೊಂದನ್ನೂ ಪ್ರತ್ಯೇಕವಾಗಿ ಕಳಿಸುತ್ತಿದೆ. ಆ ಆವೃತ್ತಿಯನ್ನು 2030ರ ಏಪ್ರಿಲ್‌ವರೆಗೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದೆ.